ಕಾವಲಿನ ಕೆಲಸ ಯಾರದಾಗಿತ್ತು?

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಯ ಪುಟಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯಕ್ಕೆಂದು ಬಿಟ್ಟ ಜಾಗ ಮಾತ್ರ ಈ ಸರಿಹೊತ್ತಿನಲ್ಲೂ ಖಾಲಿಯಿದೆ. ರಾಜ್ಯೋತ್ಸವದ ಮರುದಿನವೇ ಬರೆಯಲು ಕುಳಿತವಳು ಇಷ್ಟು ದಿನ ಒಂದು ಸಾಲೂ ಬರೆಯಲಾರದೆ ಉಳಿದದ್ದಕ್ಕೆ, ಅಂದು ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೇ ಕಾರಣ.

ಛದ್ಮವೇಷ ಸ್ಪರ್ಧೆಗೆ ಅವಳು ಒನಕೆ ಓಬವ್ವನಾಗಿದ್ದಳು. ಈ ಊರಿನಲ್ಲಿ ಒನಕೆ ಎಲ್ಲಿ ಸಿಗಬೇಕು? ರತ್ನಗಂಬಳಿ ಸುತ್ತಿ ಬರುವ ರಟ್ಟಿನ ಕೊಳವೆಗೆ ಅವಳ ತಾಯಿ ಕಂದು ಕಾಗದ ಅಂಟಿಸಿ, ತುದಿಗೆ ಕಬ್ಬಿಣದ ಬಳೆ ಕಾಣುವಂತೆ ಬೆಳ್ಳಿಬಣ್ಣದ ಟೇಪು ಸುತ್ತಿದ್ದರು. ಕಚ್ಚೆ ಸರಿಪಡಿಸುತ್ತಾ ನಾನು ಕಥೆ ಹೇಳುತ್ತಿದ್ದೆ. ಬತ್ತೇರಿಯ ಕಾವಲುಗಾರ ಊಟಕ್ಕೆ ಮನೆಗೆ ಬಂದದ್ದು, ಹೆಂಡತಿ ನೀರು ತರಲು ಹೋದದ್ದು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದದ್ದು, ಅವಳು ಒನಕೆ ಹಿಡಿದು ನಿಂತದ್ದು. ಎಲ್ಲವನ್ನೂ ಕೇಳಿಸಿಕೊಂಡ ಹುಡುಗಿ, "ಆಂಟೀ, ಕೋಟೆ ಕಾಯೋ ಕೆಲಸ ಇದ್ದದ್ದು ಅವಳ ಗಂಡನಿಗೆ ತಾನೇ? ಕಾದದ್ದು ಅವಳು. ಮತ್ತೆ ಆ ಕೆಲಸ ಅವಳಿಗೇ ಯಾಕೆ ಕೊಟ್ಟಿರಲಿಲ್ಲ?" ಎಂದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು; ಒನಕೆ ಎತ್ತಿಕೊಂಡು ವೇದಿಕೆಗೆ ಓಡಿದಳು.

ನಾನು ಓಬವ್ವನ ಚಿತ್ರದುರ್ಗದ ಸೀಮೆಯವಳು. ಶಾಲೆಯ ಮಕ್ಕಳ ಸಾಲಿನಲ್ಲಿ ನಿಂತು ಆ ಕಿಂಡಿಯನ್ನು ಎಷ್ಟು ಸಲ ಬಗ್ಗಿ ನೋಡಿದ್ದೇನೋ ಲೆಕ್ಕವಿಲ್ಲ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಆದರೆ ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು, ಏಕೆಂದರೆ ಇದಕ್ಕೆ ಉತ್ತರದಂತಿದ್ದ ಒಬ್ಬಾಕೆಯ ಮಡಿಲಲ್ಲೇ ನಾನು ಬೆಳೆದೆ.

ಅವರು ನನ್ನ ದೊಡ್ಡಮ್ಮ. ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿಗೆ ಚುನಾವಣೆ ನಡೆದಾಗ, ಮಹಿಳಾ ಮೀಸಲು ಸ್ಥಾನಕ್ಕೆ ಯಾರಾದರೂ ಬೇಕೆಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ದೊಡ್ಡಪ್ಪನ ಒಪ್ಪಿಗೆ ಪಡೆದು ಅವರ ಹೆಸರು ಕೊಟ್ಟಿದ್ದರು. ದೊಡ್ಡಮ್ಮನನ್ನು ಯಾರೂ ಕೇಳಿರಲಿಲ್ಲ. ಗೆದ್ದ ಮೇಲೆ ಊರವರೆಲ್ಲ 'ಮೆಂಬರು' ಎಂದು ಕರೆಯತೊಡಗಿದ್ದು ದೊಡ್ಡಪ್ಪನನ್ನು. ಸಭೆಗೆ ಹೋಗುತ್ತಿದ್ದವರೂ ಅವರೇ. ಸಭೆ ಮುಗಿದು ಎರಡು ದಿನಕ್ಕೆ ಜವಾನ ಸೈಕಲ್ಲಿನಲ್ಲಿ ನಡಾವಳಿ ಪುಸ್ತಕ ತಂದು, ಪುಟ ತೆಗೆದು, ಬೆರಳಿಟ್ಟು ತೋರಿಸಿದ ಜಾಗದಲ್ಲಿ ದೊಡ್ಡಮ್ಮ ರುಜು ಹಾಕುತ್ತಿದ್ದರು. ಆ ರುಜುವನ್ನೂ ಅವರು ಗೆದ್ದ ಮೇಲೆಯೇ, ನನ್ನ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತದ್ದು.

ಬಿತ್ತನೆಗೆ ಶೇಂಗಾ ಸುಲಿಯುವ ದಿನಗಳು. ಪಡಸಾಲೆಯ ತುಂಬ ಸಿಪ್ಪೆ, ದೊಡ್ಡಮ್ಮನ ಹೆಬ್ಬೆರಳ ಉಗುರು ಸವೆದು ಕೆಂಪಾಗಿತ್ತು. ಜವಾನ ಬಂದು ಪುಸ್ತಕ ಮುಂದಿಟ್ಟ. ಅವರು ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡವರು, ಏನನ್ನಿಸಿತೋ, ಪೆನ್ನನ್ನು ಪುಸ್ತಕದ ಮೇಲಿಟ್ಟು ನನ್ನನ್ನು ಕರೆದರು. ನಾನಾಗ ಐದನೆಯ ತರಗತಿ. "ಓದವ್ವ, ಒಂದಕ್ಷರಾನೂ ಬಿಡಬ್ಯಾಡ" ಎಂದರು. ನಾನು ತಡವರಿಸುತ್ತಾ ಓದಿದೆ. ಮೂರನೆಯ ವಿಷಯದಲ್ಲಿ, ಕಾಲೊನಿಗೆ ಹಾಕಬೇಕಿದ್ದ ಬೋರನ್ನು ಊರ ಮುಂದಿನ ತೋಟವೊಂದರ ಬದಿಗೆ ಹಾಕಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದಿತ್ತು. "ಸರ್ವಾನುಮತ ಅಂದ್ರೆ?" ಎಂದು ಕೇಳಿದರು. ಎಲ್ಲರೂ ಒಪ್ಪಿದರು ಅಂತ, ಎಂದೆ. "ಎಲ್ಲಾರ್ನಾಗೆ ನಾನೂ ಒಬ್ಬಳಲ್ಲೇನು?" ಎಂದು ಜವಾನನತ್ತ ತಿರುಗಿ, ಪುಸ್ತಕ ಮುಚ್ಚಿ ಅವನ ಕೈಗಿಟ್ಟು, ಮುಂದಿನ ಸಭೆಗೆ ತಾನೇ ಬರುವುದಾಗಿ ಹೇಳಿ ಕಳುಹಿಸಿದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಏನೂ ಮಾತಾಡಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು. ಗಂಡಸರಿಗೆ ಕುರ್ಚಿಗಳಿದ್ದವು, ಬಂದಿದ್ದ ಇಬ್ಬರು ಹೆಂಗಸರು ಬಾಗಿಲ ಪಕ್ಕದ ಜಮಖಾನದ ಮೇಲೆ, ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ದೊಡ್ಡಮ್ಮ ಆ ಜಮಖಾನದ ಅಂಚಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಅದನ್ನು ದಾಟಿ ಹೋಗಿ ಖಾಲಿ ಕುರ್ಚಿಯೊಂದರಲ್ಲಿ ಕುಳಿತರು. ಮೊಣಕಾಲು ನಡುಗುತ್ತಿದ್ದುದು ಸೀರೆಯ ನಿರಿಗೆಯಲ್ಲಿ ನನಗೆ ಕಾಣುತ್ತಿತ್ತು. ಮಾತು ಮಾತ್ರ ನಡುಗಲಿಲ್ಲ: "ಬೋರು ಕಾಲೊನಿಗೆ ಅಂತ ಬಂದಿರೋದು, ಕಾಲೊನಿಗೇ ಬೀಳಬೇಕು. ಇಲ್ಲಾಂದ್ರೆ ಆ ಪುಟಕ್ಕೆ ನನ್ನ ರುಜು ಇಲ್ಲ." ಜಮಖಾನದ ಮೇಲಿದ್ದವರಲ್ಲಿ ಒಬ್ಬರು ನಿಧಾನವಾಗಿ, "ನಂದೂ ಇಲ್ಲ" ಎಂದರು. ಬೋರು ಕಾಲೊನಿಗೆ ಬೀಳಲು ಆ ಬಳಿಕವೂ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಅಲ್ಲಿಗೇ ಬಿತ್ತು. ಮತ್ತೊಮ್ಮೆ ಚುನಾವಣೆಗೆ ನಿಲ್ಲಲು ಮನೆಯವರು ಬಿಡಲಿಲ್ಲ. ಹಾಗಿದ್ದರೂ ತೀರಿಕೊಳ್ಳುವವರೆಗೂ ಊರಿಗೆ ಅವರು 'ಮೆಂಬರಮ್ಮ'ನೇ ಆಗಿದ್ದರು.

ದೊಡ್ಡಮ್ಮನ ಧೈರ್ಯವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಆ ಧೈರ್ಯಕ್ಕೆ ಕೂರಲು ಒಂದು ಕುರ್ಚಿ ಸಿಕ್ಕಿದ್ದು ಕಾನೂನಿನಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ, ಹಳ್ಳಿಹಳ್ಳಿಗೆ ಕುಡಿಯುವ ನೀರು ಕೊಟ್ಟು 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಪಂಚಾಯಿತಿ ಕಾಯ್ದೆ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಕೊಟ್ಟಿತ್ತು. ಸಂವಿಧಾನದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರನೆಯ ಒಂದು ಭಾಗವನ್ನು ಕಡ್ಡಾಯ ಮಾಡಿದ್ದು 1993ರಲ್ಲಿ. ನಮ್ಮ ರಾಜ್ಯ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಇಂದಿಗೂ ಎಷ್ಟೋ ಕಡೆ ಅಧ್ಯಕ್ಷೆಯ ಗಂಡನೇ ಕಡತ ನೋಡುತ್ತಾನೆ ಎಂಬ ದೂರು ಸುಳ್ಳಲ್ಲ. ಆದರೆ ಕುರ್ಚಿಯೇ ಇಲ್ಲದಿದ್ದರೆ ಅದನ್ನು ಗಂಡನಿಂದ ಬಿಡಿಸಿಕೊಳ್ಳುವ ಮಾತೇ ಹುಟ್ಟುತ್ತಿರಲಿಲ್ಲ.

ಪಂಚಾಯಿತಿಯಿಂದ ಮೇಲೆ ಹೋದಂತೆ ಲೆಕ್ಕ ತೆಳ್ಳಗಾಗುತ್ತದೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತು ಮಂದಿ. ಅವರಲ್ಲಿ ಲತಾ ಮಲ್ಲಿಕಾರ್ಜುನ ಅವರು ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ನಿಂತು ಗೆದ್ದವರು ಎಂಬುದು ನಮ್ಮ ಕಡೆಯವರಿಗೆ ನೆನಪಿರಲಿ. 2024ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ಪ್ರಮುಖ ಪಕ್ಷಗಳು ಮಹಿಳೆಯರನ್ನೇ ಕಣಕ್ಕಿಳಿಸಿದವು, ಪ್ರಭಾ ಮಲ್ಲಿಕಾರ್ಜುನ್ ಅವರು ಅಲ್ಲಿನ ಮೊದಲ ಸಂಸದೆಯಾದರು. ಸಂತೋಷ ಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಇಬ್ಬರು ಅಭ್ಯರ್ಥಿಗಳೂ ರಾಜಕಾರಣದ ಮನೆತನಗಳಿಂದ ಬಂದವರು. ಶೇಂಗಾ ಸುಲಿಯುವ ಕೈಗೆ ಟಿಕೆಟ್ಟು ಸಿಗುವ ದಿನ ಇನ್ನೂ ಬಂದಿಲ್ಲ. ಶಾಸನಸಭೆಗಳಲ್ಲಿ ಮೂರನೆಯ ಒಂದು ಭಾಗ ಕೊಡುವ 2023ರ ತಿದ್ದುಪಡಿಯಲ್ಲೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲಷ್ಟೇ ಜಾರಿ ಎಂಬ ಷರತ್ತಿದೆ.

ನಮ್ಮ ಸಂಘಕ್ಕೆ ಈ ವರ್ಷ 22 ತುಂಬಿತು. ಅಧ್ಯಕ್ಷರ ಹೆಸರುಗಳ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ರಾಜ್ಯೋತ್ಸವದ ದಿನ ವೇದಿಕೆಯ ಐದು ಕುರ್ಚಿಗಳಲ್ಲಿ ಐವರು ಗಂಡಸರಿದ್ದರು. ಬೆಳಗಿನ ಐದಕ್ಕೇ ಬಂದು 240 ಜನರಿಗೆ ಅಡುಗೆಯ ಉಸ್ತುವಾರಿ ನೋಡಿದವರಿಗೆ, ಪ್ರಾರ್ಥನೆ ಹಾಡಿದವರಿಗೆ, ಮಕ್ಕಳ ತರಗತಿ ನಡೆಸುವವರಿಗೆ ಒಂದೂ ಇರಲಿಲ್ಲ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ ಎಂದು ನನಗೆ ಗೊತ್ತು. ಹುಡುಗಿ ಆ ಪ್ರಶ್ನೆ ಕೇಳಿದ್ದು ಆ ವೇದಿಕೆಯ ಹಿಂದೆಯೇ.

ಸೂಚನೆಗಳು, ಜಾಗವಿಲ್ಲದ್ದರಿಂದ ಒಟ್ಟಿಗೇ: ವಾರ್ಷಿಕ ಸಾಮಾನ್ಯ ಸಭೆ ಡಿಸೆಂಬರ್ ಎರಡನೆಯ ಭಾನುವಾರ ಮಧ್ಯಾಹ್ನ 3ಕ್ಕೆ, ಎಂದಿನ ಸಭಾಂಗಣದಲ್ಲಿ, ಕಾರ್ಯಕಾರಿ ಸಮಿತಿಗೆ ನಾಮಪತ್ರ ಸಲ್ಲಿಸಲು ನವೆಂಬರ್ 30 ಕೊನೆಯ ದಿನ, ಸದಸ್ಯತ್ವ ನವೀಕರಿಸದವರಿಗೆ ಮತದ ಹಕ್ಕಿರುವುದಿಲ್ಲ, ಮಕ್ಕಳ ಕನ್ನಡ ತರಗತಿಗೆ ಈ ಶನಿವಾರ ರಜೆ, ರಾಜ್ಯೋತ್ಸವದ ಅಡುಗೆಮನೆಯಲ್ಲಿ ಉಳಿದಿರುವ ಎರಡು ದೊಡ್ಡ ಕೊಳಗ, ಒಂದು ಹಿತ್ತಾಳೆ ಸೌಟು ಯಾರವೆಂದು ತಿಳಿಸಿ, ಸಂಕ್ರಾಂತಿಗೆ ಎಳ್ಳು ಬೀರಲು ಕೊಬ್ಬರಿ ಹೆಚ್ಚುವವರು ಬೇಕು, ಈ ಸಲ ಗಂಡಸರೂ ಹೆಸರು ಕೊಡಬೇಕೆಂದು ವಿನಂತಿ.

ಕೊನೆಯದಾಗಿ ನನ್ನದೇ ಒಂದು ಕೋರಿಕೆ. ಏಳು ವರ್ಷದಿಂದ ಈ ಪತ್ರಿಕೆಯನ್ನು ರಾತ್ರಿ ಹೊತ್ತು, ಮನೆಯವರೆಲ್ಲ ಮಲಗಿದ ಮೇಲೆ ಒಬ್ಬಳೇ ಮಾಡಿಕೊಂಡು ಬಂದಿದ್ದೇನೆ. ಇನ್ನು ಆಗದು. ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ತುಂಬಿ ಮೇಜಿನ ಮೇಲಿಟ್ಟಿದ್ದೇನೆ. ಅನುಮೋದಿಸಲು ಇಬ್ಬರು ಸದಸ್ಯರ ರುಜು ಬೇಕು. ಜನವರಿ ಸಂಚಿಕೆಯಿಂದ ಈ ಪುಟಗಳನ್ನು ವಹಿಸಿಕೊಳ್ಳಲು, ಕನ್ನಡದಲ್ಲಿ ಟೈಪು ಮಾಡಬಲ್ಲ, ಕರಡು ತಿದ್ದಬಲ್ಲ ಒಬ್ಬರಾದರೂ ಬೇಕು. ದಯವಿಟ್ಟು ಈ ವಾರದೊಳಗೆ ಫೋನು ಮಾಡಿ.

ಸಂಪಾದಕಿ