ಟಿಕೆಟ್ಟಿಗೆ ಮಾತ್ರ ಕೊಡಬೇಡ

ಗೋಣಿಕೊಪ್ಪ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ಫೋನಲ್ಲಿ ಬೆರಳಾಡಿಸಿ ಇಷ್ಟೆಲ್ಲ ಹೇಳಲು ನನಗಾಗದು, ಅದಕ್ಕೇ ಕಾಗದ. ನೀನು ಎಂ.ಎಸ್. ಮಾಡಿದ ಅಮೆರಿಕದ ಯೂನಿವರ್ಸಿಟಿಯವರು ಹಳೇ ವಿದ್ಯಾರ್ಥಿಗಳ ಹತ್ತಿರ ದೇಣಿಗೆ ಕೇಳಿದ್ದಾರೆ. ಹುಡುಗರನ್ನು ಬೇರೆ ದೇಶದ ಹಳ್ಳಿಗಳಿಗೆ ಕಳಿಸಿ, ಸೇವೆ ಮಾಡುತ್ತಾ ಕಲಿಸುವ ಸರ್ವಿಸ್ ಲರ್ನಿಂಗ್ ಕಾರ್ಯಕ್ರಮ, ಮುಂದೆ ನಮ್ಮ ತಿತಿಮತಿ ಕಡೆಯ ಆದಿವಾಸಿ ಹಾಡಿಗಳಿಗೂ ಬರಬಹುದು, ಕೊಡಲೋ ಬೇಡವೋ ಅಂತ ಕೇಳಿದ್ದೀಯ.

ಕೊಡು. ‘ಅಷ್ಟು ದೊಡ್ಡ ಯೂನಿವರ್ಸಿಟಿಗೆ ನಮ್ಮ ದುಡ್ಡು ಯಾಕೆ’ ಅಂತ ನಿನ್ನಪ್ಪ ಗೊಣಗಿದನಂತೆ. ಅವನು ದೇವಸ್ಥಾನದ ಚಂದಾಕ್ಕೂ ಹಾಗೇ ಗೊಣಗುತ್ತಾನೆ, ಆಮೇಲೆ ಕೊಡುತ್ತಾನೆ. ಸಾಲ ಮಾಡಿ ಓದುವ ಹುಡುಗರು ಅಲ್ಲೂ ಇದ್ದಾರೆ ಅಂತ ನೀನೇ ಹೇಳಿದ್ದೆ. ಯಾರೂ ನೆರವು ಕೊಡದಿದ್ದರೆ ಇಂಥ ಕಡೆ ಹೊರಡೋದು ಉಳ್ಳವರ ಮಕ್ಕಳು ಮಾತ್ರ. ಹಾಗಾಗಿ ಹೋಗುವವರ ಟಿಕೆಟ್ಟಿಗೆ ಒಂದಿಷ್ಟು ಕೊಟ್ಟರೆ ತಪ್ಪಿಲ್ಲ. ಆದರೆ ಎಲ್ಲವೂ ಟಿಕೆಟ್ಟಿಗೇ ಹೋಗಬಾರದು. ಅವರನ್ನು ಬರಮಾಡಿಕೊಳ್ಳುವ ಊರಿಗೂ ಅದರಲ್ಲಿ ಪಾಲಿರಬೇಕು.

ಈ ಕೆಲಸ ನಮಗೇನು ಹೊಸದಲ್ಲ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಕಾಲೇಜು ಹುಡುಗರ ರಾಷ್ಟ್ರೀಯ ಸೇವಾ ಯೋಜನೆ, ಎನ್‌ಎಸ್‌ಎಸ್, ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಕ್ಯಾಂಪು. ಕಾಲೇಜಲ್ಲಿ ಪಾಠ ಮಾಡುವಾಗ ಅದರ ಉಸ್ತುವಾರಿ ನನ್ನದಿತ್ತಲ್ಲ. ಮನೆಯಲ್ಲಿ ತಟ್ಟೆ ತೊಳೆಯದ ಹುಡುಗರು ಕ್ಯಾಂಪಲ್ಲಿ ಹಂಡೆ ಉಜ್ಜುತ್ತಿದ್ದರು. ಅವರು ಕಲಿತದ್ದು ನಿಜ. ಊರಿಗೇನು ಸಿಕ್ಕಿತು ಅನ್ನೋದನ್ನು ಮಾತ್ರ ವರದಿಯಲ್ಲಿ ಒಂದೇ ಸಾಲಲ್ಲಿ ಮುಗಿಸುತ್ತಿದ್ದರು.

ಈಗ ಲೆಕ್ಕ ಹಾಕು. ನಿಮ್ಮ ಕಡೆ ಹುಡುಗರಿಗೆ ರಜೆ ಸಿಗೋದು ಯಾವಾಗ? ಕ್ರಿಸ್‌ಮಸ್‌ನಿಂದ ಜನವರಿವರೆಗೆ, ಇಲ್ಲವೇ ಜೂನ್‌ನಿಂದ ಆಗಸ್ಟ್‌ವರೆಗೆ. ಜನವರಿಯಲ್ಲಿ ಇಲ್ಲಿ ಕಾಫಿ ಕುಯ್ಲು. ಬೆಳಿಗ್ಗೆಯೇ ಜೀಪು, ಪಿಕಪ್ ಬಂದು ಹಾಡಿ ಜನರನ್ನು ತೋಟಕ್ಕೆ ಕರ್ಕೊಂಡು ಹೋಗುತ್ತವೆ. ಎಷ್ಟು ಕಿಲೋ ಹಣ್ಣು ಬಿಡಿಸಿದರೆ ಅಷ್ಟು ದುಡ್ಡು. ಹಾಡಿಯಲ್ಲಿ ಉಳಿಯೋದು ಅಜ್ಜಿಯರು, ಸಣ್ಣ ಮಕ್ಕಳು, ನಾಯಿಗಳು. ಒಮ್ಮೆ ಎಲ್ಲಿಂದಲೋ ಬಂದ ಒಂದು ತಂಡ ಹೀಗೇ ಕುಯ್ಲಿನ ದಿನಗಳಲ್ಲಿ ಆರೋಗ್ಯದ ಸರ್ವೆಗೆ ಬಂತು. ಸಂಜೆ ದಣಿದು ಬಂದ ಹೆಂಗಸರು ಒಲೆ ಹಚ್ಚೋದು ಬಿಟ್ಟು ಉತ್ತರ ಹೇಳುತ್ತಾ ನಿಲ್ಲಬೇಕಾಯಿತು. ಭಾಷೆ ದಾಟಿಸಿದವಳು ಅದೇ ಹಾಡಿಯ, ಡಿಗ್ರಿ ಓದುತ್ತಿದ್ದ ಜೇನುಕುರುಬರ ಹುಡುಗಿ. ಅವಳಿಗೆ ಕೊಟ್ಟದ್ದು ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು. ಆ ದಿನಗಳ ಕೂಲಿ ಅವಳ ಕೈತಪ್ಪಿತು, ಅಲ್ವಾ? ಇನ್ನು ಜೂನ್, ಜುಲೈ ಅಂದರೆ ಮಳೆ. ಕರೆಂಟಿಲ್ಲ, ದಾರಿ ಕೆಸರು, ಜೋರಾದರೆ ಶಾಲೆಗೂ ರಜೆ. ಬಂದವರು ಸುಮ್ನೆ ಜಗಲಿಯಲ್ಲಿ ಕೂರಬೇಕು.

ಅದಕ್ಕೇ ಚೆಕ್ ಬರೆಯೋ ಮುಂಚೆ ಅವರನ್ನು ಕೇಳು. ಬರುವ ತಿಂಗಳು ಯಾವುದು, ಮಾಡುವ ಕೆಲಸ ಯಾವುದು ಅಂತ ತೀರ್ಮಾನ ಮಾಡೋರು ಯಾರು? ಭಾಷೆ ದಾಟಿಸುವವರಿಗೆ, ಅನ್ನ ಬೇಯಿಸುವವರಿಗೆ ಸಂಬಳ ಉಂಟಾ? ತಂಡ ವಾಪಸ್ ಹೋದ ಮೇಲೆ ಉಳಿದ ತಿಂಗಳು ಕೆಲಸ ಮುಂದುವರಿಸಲು ಇಲ್ಲಿನ ಒಬ್ಬರನ್ನು ಇಟ್ಟಿದ್ದಾರಾ? ಇದಕ್ಕೆ ಉತ್ತರ ಸಿಗದೆ ಬರೀ ನಗುವ ಮಕ್ಕಳ ಫೋಟೋ ಬಂದರೆ ನನಗೆ ತಿಳಿಸು.

ದೇಣಿಗೆ ಫಾರ್ಮಿನಲ್ಲಿ ಹಣ ಯಾವುದಕ್ಕೆ ಅಂತ ಬರೆಯುವ ಜಾಗ ಇದ್ದೇ ಇರುತ್ತದೆ. ಅದನ್ನು ಖಾಲಿ ಬಿಡಬೇಡ. ಶಾಶ್ವತ ನಿಧಿಗೆ ಹಾಕಿ ಅಂದರೆ ಯೋಚಿಸು. ಅಲ್ಲಿ ಅಸಲು ಮುಟ್ಟದೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 4-5ರಷ್ಟು ಖರ್ಚು ಮಾಡುತ್ತಾರೆ. ನೀನು ಸಾವಿರ ಡಾಲರ್ ಕೊಟ್ಟರೆ ವರ್ಷಕ್ಕೆ ಕೆಲಸಕ್ಕೆ ಬರೋದು ನಲವತ್ತೋ ಐವತ್ತೋ. ಕೋಟಿಗಟ್ಟಲೆ ಕೊಡುವವರಿಗೆ ಅದು ಸರಿ. ನೀನು ಈ ವರ್ಷವೇ ಖರ್ಚಾಗುವ ಬಾಬ್ತಿಗೆ ಕೊಡು. ತಿಂಗಳಿಗಿಷ್ಟು ಅಂತ ಇಟ್ಟುಕೊಂಡರೆ ಅವರಿಗೂ ಮುಂದಿನ ವರ್ಷದ ಮಾತು ಕೊಡಲು ಧೈರ್ಯ ಬರುತ್ತದೆ. ನಿನ್ನ ಕಂಪನಿಯವರು ನೀನು ಕೊಟ್ಟಷ್ಟೇ ತಾವೂ ಸೇರಿಸುತ್ತಾರಾ ಅಂತಲೂ ವಿಚಾರಿಸು. ಅಲ್ಲಿ ಎಷ್ಟೋ ಕಂಪನಿಗಳು ಸೇರಿಸುತ್ತವೆ, ಕೇಳಿದವರಿಗೆ ಮಾತ್ರ.

ಇನ್ನೊಂದು ವಿಷಯ, ಇದು ಕಾನೂನಿನದು. ಯೂನಿವರ್ಸಿಟಿ ಇಲ್ಲಿನ ಸಂಸ್ಥೆಗೆ ದೇಣಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆ. ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇರಬೇಕು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತನಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ಶೇ. 20 ಮೀರುವಂತಿಲ್ಲ. ಹೀಗಾಗಿ ಹಾಡಿಯವರೇ ಕಟ್ಟಿಕೊಂಡ ಸಣ್ಣ ಸಂಘಕ್ಕೆ ಆ ದಾರಿಯಲ್ಲಿ ಬಿಡಿಗಾಸು ತಲುಪೋದೂ ಕಷ್ಟ.

ಆದರೆ ನಿನ್ನ ಕೈಯಲ್ಲಿರೋದು ಇನ್ನೂ ಭಾರತದ ಪಾಸ್‌ಪೋರ್ಟು. ಆ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕೊಟ್ಟದ್ದನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಾಕೋದಿಲ್ಲ. ನಾಳೆ ಅಲ್ಲಿನ ಪೌರತ್ವ ತಗೊಂಡು, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರೆ ಈ ಅನುಕೂಲ ಹೋಯಿತು. ಹಾಗಾಗಿ ನನ್ನ ಸಲಹೆ ಇಷ್ಟು: ಒಂದು ಪಾಲು ಯೂನಿವರ್ಸಿಟಿಗೆ ಕೊಡು, ಇನ್ನೊಂದು ಪಾಲನ್ನು ನೇರ ಇಲ್ಲಿನ ಸಂಘಕ್ಕೆ ಹಾಕು. ಇಲ್ಲಿ ಹಾಕಿದ್ದಕ್ಕೆ ಅಮೆರಿಕದಲ್ಲಿ ಟ್ಯಾಕ್ಸ್ ವಿನಾಯಿತಿ ಸಿಗೋದಿಲ್ಲ, ಅದನ್ನು ತಿಳಿದೇ ಹಾಕು.

ವಸ್ತು ಮಾತ್ರ ಯಾರಿಂದಲೂ ಕಳಿಸಬೇಡ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದಾಗ ಲಾರಿಗಟ್ಟಲೆ ಹಳೇ ಬಟ್ಟೆ ಬಂದು ಪರಿಹಾರ ಕೇಂದ್ರಗಳಲ್ಲಿ ರಾಶಿ ಬಿದ್ದದ್ದು ನಿನಗೂ ಗೊತ್ತು. ಅದನ್ನು ಬೇರ್ಪಡಿಸೋದೇ ಒಂದು ಕೆಲಸವಾಗಿತ್ತು.

ಅವರು ಕಳಿಸಿದ ಫಾರ್ಮನ್ನು ನನಗೆ ವಾಟ್ಸಾಪ್ ಮಾಡು. ಸಂಘದ ನೋಂದಣಿ ಪತ್ರ, ಕಳೆದ ವರ್ಷದ ಲೆಕ್ಕಪತ್ರ ನಾನೇ ಹೋಗಿ ನೋಡಿ ಬರುತ್ತೇನೆ. ಅಲ್ಲಿಯವರೆಗೆ ಎಲ್ಲಿಗೂ ದುಡ್ಡು ಹಾಕಬೇಡ. ದೊಡ್ಡಮ್ಮ ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ