ಆರೋಗ್ಯ ಸಚಿವರಿಗೆ ರಾಯಚೂರಿನಿಂದ: ಕೂಸಿನ ಹೃದಯವನ್ನೂ ನೋಡಿಸಿ

ಮಾನ್ಯ ಆರೋಗ್ಯ ಸಚಿವರೇ,

ಸಿಂಧನೂರು ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಹೊಸ ಕಟ್ಟಡ ಕೇಳಲು ಬರೆಯುತ್ತಿಲ್ಲ. ಶಂಕುಸ್ಥಾಪನೆಯ ಕಲ್ಲುಗಳಿಗೆ ನಮ್ಮಲ್ಲಿ ಬರವಿಲ್ಲ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಸೋದರ ಸಂಬಂಧದ ಮದುವೆ ನಡೆಯುವ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಸಣ್ಣ ರಂಧ್ರಗಳಲ್ಲಿ ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಅವುಗಳ ಮಾತು ಬಿಡಿ. ನನ್ನ ಚಿಂತೆ, ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟುವ ಕೂಸುಗಳದು. ಗರ್ಭಕಾಲದ ಒಂದು ಕಿರುನಾಳ ತೆರೆದಿರುವವರೆಗೆ ಅವು ಹೇಗೋ ಜೀವ ಹಿಡಿದಿರುತ್ತವೆ. ಕೆಲವೇ ದಿನಗಳಲ್ಲಿ ಅದು ಮುಚ್ಚುತ್ತಿದ್ದಂತೆ ಮೈ ಇನ್ನಷ್ಟು ನೀಲಿಗಟ್ಟುತ್ತದೆ. ಆ ನಾಳವನ್ನು ತೆರೆದಿಡಲು ಪ್ರೊಸ್ಟಾಗ್ಲಾಂಡಿನ್ ಔಷಧವಿದೆ. ಆದರೆ ರೋಗ ಇದೇ ಎಂದು ಗೊತ್ತಾದರೆ ತಾನೆ ಕೊಡುವುದು? ನಿಮೋನಿಯಾ ಎಂದು ಬರೆದ ಚೀಟಿ ಹಿಡಿದು ಇಂಥ ಕೂಸುಗಳನ್ನು ಊರೂರು ಅಲೆಸಿದವರನ್ನು ಕಂಡಿದ್ದೇನೆ.

ಬಸಿರಿಯ 18ರಿಂದ 22ನೇ ವಾರದ ಸ್ಕ್ಯಾನಿಂಗ್‌ನಲ್ಲಿಯೇ ಇದನ್ನು ಗುರುತಿಸಬಹುದು. ಆದರೆ ಹೃದಯದ ನಾಲ್ಕು ಕೋಣೆ ಕಂಡೊಡನೆ ‘ಸರಿ ಇದೆ’ ಎಂದು ಬರೆದುಬಿಟ್ಟರೆ ಆಗದು. ಈ ದೋಷದಲ್ಲಿ ನಾಲ್ಕೂ ಕೋಣೆಗಳು ಸರಿಯಾಗಿಯೇ ಕಾಣಬಹುದು. ಮೈಮೇಲೆ ಇಟ್ಟು ಚಿತ್ರ ತೆಗೆಯುವ ಸ್ಕ್ಯಾನಿಂಗ್ ಸಾಧನವಾದ ಪ್ರೋಬ್ ಅನ್ನು ತುಸು ವಾಲಿಸಿ, ದೊಡ್ಡ ನಾಳಗಳು ಸರಿಯಾದ ಹೃದಯದಲ್ಲಿರುವಂತೆ ಒಂದನ್ನೊಂದು ಅಡ್ಡ ಹಾಯುತ್ತವೆಯೇ, ಇಲ್ಲವೇ ಈ ದೋಷದಲ್ಲಿರುವಂತೆ ಸಮಾನಾಂತರವಾಗಿ ಹೋಗುತ್ತವೆಯೇ ಎಂದು ನೋಡಬೇಕು. ಕಲಿತ ಕೈಗೆ ಕೆಲವು ನಿಮಿಷಗಳ ಕೆಲಸ. ಲಿಂಗ ಪತ್ತೆ ಕಾಯ್ದೆಯ ನೆಪ ಯಾರೂ ಹೇಳುವಂತಿಲ್ಲ. 1994ರ ಆ ಕಾನೂನು ಹೃದಯ ನೋಡಬೇಡಿ ಎಂದಿಲ್ಲ.

ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಹೇಗೂ ನಡೆಯುತ್ತದೆ. ಅಂದು ಬರುವವರಲ್ಲಿ ಮಧುಮೇಹ ಇರುವವರನ್ನು, ಮೊದಲ ಮಗುವಿಗೆ ಹೃದಯದ ತೊಂದರೆ ಇದ್ದವರನ್ನು ಬೇರೆ ಮಾಡಿ ಭ್ರೂಣದ ಎಕೋಗೆ, ಅಂದರೆ ಹೊಟ್ಟೆಯಲ್ಲಿರುವ ಕೂಸಿನ ಹೃದಯದ ವಿಶೇಷ ಸ್ಕ್ಯಾನಿಂಗ್‌ಗೆ, ಕಳುಹಿಸಲು ಆದೇಶಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯರಿಗೆ ನಾಳಗಳನ್ನು ನೋಡುವ ತರಬೇತಿ ಕೊಡಿಸಿ. ಸಂಶಯ ಬಂದ ಚಿತ್ರವನ್ನು ಕಲಬುರಗಿಯ ಜಯದೇವ ಆಸ್ಪತ್ರೆಯ ತಜ್ಞರಿಗೆ ಅಂದೇ ತೋರಿಸುವ ವ್ಯವಸ್ಥೆಯಾಗಲಿ. ಮೊದಲೇ ತಿಳಿದರೆ ಹೆರಿಗೆಯನ್ನೇ ಅಂಥ ಆಸ್ಪತ್ರೆಯ ಹತ್ತಿರ ಮಾಡಿಸಬಹುದು. ಹಸಿ ಬಾಣಂತಿಯನ್ನು ಬಿಟ್ಟು ಕೂಸನ್ನು ಆಂಬುಲೆನ್ಸ್‌ನಲ್ಲಿ ಒಯ್ಯುವ ಪಾಡು ತಪ್ಪುತ್ತದೆ.

ಇನ್ನೊಂದು. ದೊಡ್ಡವರ ಎದೆ ನೋಡುವ ಪ್ರೋಬ್ ಹಸುಗೂಸಿಗೆ ಒಗ್ಗುವುದಿಲ್ಲ, ಅದಕ್ಕೆ ಚಿಕ್ಕದೇ ಬೇಕು. ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ಅದು ಇದೆ, ಬಳಸಬಲ್ಲವರು ಯಾವ ದಿನ ಸಿಗುತ್ತಾರೆ ಎಂಬ ಪಟ್ಟಿಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಲು ಹೇಳಿ. ಪಟ್ಟಿ ಖಾಲಿಯಿದ್ದರೆ ಖಾಲಿಯನ್ನೇ ಅಂಟಿಸಲಿ.

ಇಂತಿ,
ನಿವೃತ್ತ ನರ್ಸ್, ರಾಯಚೂರು ಜಿಲ್ಲೆ