ತಲಪರಿಗೆಗೆ ಮಕ್ಕಳನ್ನು ಕರೆದೊಯ್ಯುವ ಬಗ್ಗೆ ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ

ಮಾನ್ಯ ಪೋಷಕರೇ,

ಬರುವ ಶನಿವಾರ ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಊರಾಚೆಯ ತಲಪರಿಗೆಗೆ (ನೆಲದ ನೀರು ತಾನಾಗಿ ಜಿನುಗುವ ಕಡೆ ತೋಡಿದ ಗುಂಡಿಗೆ), ಅಲ್ಲಿಂದ ಹಳ್ಳದ ಗುಂಟ ಜಯಮಂಗಲಿ ಹೊಳೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದೇವೆ. ಸುದ್ದಿ ಕಿವಿಗೆ ಬೀಳುತ್ತಿದ್ದಂತೆ ನಿಮ್ಮಲ್ಲಿ ಕೆಲವರು, "ಆ ಮುಳ್ಳು ಬೆಳ್ದಿರೋ ಗುಂಡೀಲಿ ಏನೈತೆ ಅಂತ ಕರ್ಕೊಂಡ್ ಹೋಗ್ತೀರಿ ಮೇಷ್ಟ್ರೇ?" ಎಂದು ಕೇಳಿದಿರಿ. ಕೇಳಬೇಕಾದ ಮಾತೇ. ಗೇಟಿನ ಹತ್ತಿರ ನಿಂತು ಉತ್ತರ ಹೇಳಿ ಮುಗಿಸುವಂತಿಲ್ಲ, ಅದಕ್ಕೇ ಈ ಪತ್ರ.

ವಿಜ್ಞಾನದ ಪಾಠದಲ್ಲಿ ಜಲಚಕ್ರದ ಚಿತ್ರ ಬರುತ್ತದೆ. ಸಮುದ್ರ, ಮೋಡ, ಮಳೆ, ನದಿ ಎಲ್ಲವನ್ನೂ ಮಕ್ಕಳು ಚೆನ್ನಾಗಿ ಬರೆಯುತ್ತಾರೆ, ಬಣ್ಣವನ್ನೂ ಹಚ್ಚುತ್ತಾರೆ. ಆದರೆ ಸ್ವಾತಿ ಮಳೆ ಹೋದ ಮೇಲೂ ಹಿಂದೆ ನಮ್ಮ ಹಳ್ಳ ಶಿವರಾತ್ರಿಯವರೆಗೆ ಹರಿಯುತ್ತಿತ್ತಲ್ಲ, ಆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ತರಗತಿ ಗಪ್‌ಚುಪ್. "ಬೆಟ್ಟದಿಂದ ಸಾರ್" ಎಂದ ಒಬ್ಬ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಬಿದ್ದ ನೀರು ಗಂಟೆಯೊಳಗೆ ಇಳಿದು ಹೋಗುತ್ತದೆ, ಶಿವರಾತ್ರಿಯವರೆಗೆ ಕಾಯುವುದಿಲ್ಲ. ಮಳೆ ನಿಂತು ತಿಂಗಳಾದ ಮೇಲೂ ಹಳ್ಳ ಹರಿಯುತ್ತಿದ್ದರೆ ಅದು ನೆಲದೊಳಗಿನ ನೀರು. ಮೇಲ್ಮಣ್ಣು ದಾಟಿ ಗೊರಚಿಗೆ, ಅಂದರೆ ಸವೆದು ಪುಡಿಯಾದ ಕಲ್ಲಿನ ಪದರಕ್ಕೆ, ಇಳಿದು, ಕೆಳಗೆ ಕಗ್ಗಲ್ಲು ಸಿಕ್ಕ ಕಡೆ ತಡೆದು, ಅದರ ಸೀಳುಗಳಲ್ಲಿ ತುಂಬಿಕೊಂಡು, ತಗ್ಗಿನ ಕಡೆಗೆ ತೀರಾ ನಿಧಾನವಾಗಿ ಸರಿಯುವ ನೀರು. ಎಲ್ಲಿ ನೆಲದ ಇಳಿಜಾರು ಆ ನೀರಿನ ಮಟ್ಟಕ್ಕಿಂತ ಕೆಳಗೆ ಬರುತ್ತದೋ ಅಲ್ಲಿ ಅದು ಹೊರಗೆ ಬರುತ್ತದೆ. ಅಲ್ಲೇ ಒರತೆ, ಅಲ್ಲೇ ತಲಪರಿಗೆ. ಹೊಳೆಯ ದಡದುದ್ದಕ್ಕೂ ಮರಳಿನಡಿ ಹೀಗೇ ಜಿನುಗುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನಮ್ಮಂಥ ಕಲ್ಲುಸೀಮೆಯಲ್ಲಿ ಬಿದ್ದ ಮಳೆಯ ಹತ್ತರಲ್ಲೊಂದು ಪಾಲು ಒಳಗಿಳಿದರೆ ಹೆಚ್ಚು. ಆ ಒಂದು ಪಾಲಿನಲ್ಲೇ ಬಾವಿ, ಬೋರು, ಒರತೆ, ಹಳ್ಳ ಎಲ್ಲವೂ ಬದುಕಬೇಕು.

ತಲಪರಿಗೆಯ ವಿಷಯ ನನಗಿಂತ ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯ ಮರಳುನೆಲದ ಊರುಗಳಲ್ಲಿ ಇವು ಇದ್ದವು. ನೀರು ಜಿನುಗುವ ಕಡೆ ಗುಂಡಿ ತೋಡಿ, ಅಲ್ಲಿಂದ ಕಾಲುವೆ ತೆಗೆದು, ಸರದಿಯ ಮೇಲೆ ಗದ್ದೆಗೆ ಬಿಡುತ್ತಿದ್ದರು. ಅಚ್ಚುಕಟ್ಟಿನವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು. ಅದಕ್ಕೆ ಎಣ್ಣೆ ಬೇಡ, ಕರೆಂಟು ಬೇಡ, ಬಾವಿಯಿಂದ ನೀರೆತ್ತುವ ಕಪಿಲೆಯ ಎತ್ತೂ ಬೇಡ. ನೀರು ತಾನಾಗಿ ಬರುತ್ತಿತ್ತು.

ನೀರು ಕುಡಿಯುತ್ತಿದ್ದವರು ಮನುಷ್ಯರಷ್ಟೇ ಅಲ್ಲ. ನೆಲದಿಂದ ಬರುವ ನೀರಿನ ಬಿಸಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಏಪ್ರಿಲ್ ಬಿಸಿಲಿಗೆ ಬೇರೆ ಗುಂಡಿಗಳ ನೀರು ಕಾದು ಬತ್ತುವಾಗ ಒರತೆಯ ಗುಂಡಿಯಲ್ಲಿ ಮೀನು, ಏಡಿ, ಕಪ್ಪೆ ಜೀವ ಹಿಡಿದುಕೊಂಡಿರುತ್ತವೆ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಹಾರಿಸುವ ಏರೋಪ್ಲೇನ್ ಚಿಟ್ಟೆ (ಈ ಆಟ ಬಿಡಿಸಲು ನಾನು ಇನ್ನೂ ಒದ್ದಾಡುತ್ತಿದ್ದೇನೆ) ರೆಕ್ಕೆ ಬರುವ ಮೊದಲು ವಾರಗಟ್ಟಲೆ, ಕೆಲವು ಜಾತಿಯವು ತಿಂಗಳುಗಟ್ಟಲೆ, ನೀರಿನಡಿಯಲ್ಲೇ ಹುಳುವಾಗಿ ಬೆಳೆಯಬೇಕು. ಸೊಳ್ಳೆಯ ಮರಿಗಳನ್ನು ತಿನ್ನುವುದೂ ಅವೇ. ಹಳ್ಳ ಒಂದು ತಿಂಗಳು ಮೊದಲೇ ಬತ್ತಿದರೆ ಆ ವರ್ಷದ ಮರಿಗಳ ಕಥೆ ಮುಗಿಯಿತು. ದಡದ ಹೊಂಗೆ, ಲಕ್ಕಿ, ಈಚಲು, ಕೇದಿಗೆ ಮೆಳೆಗಳು ಹಸಿರಾಗಿರುವುದೂ ಬೇರಿಗೆ ತೇವ ಎಟಕುವವರೆಗೆ ಮಾತ್ರ. ಜೊಂಡು ಬೆಳೆದ ಜವುಗು ನೆಲವನ್ನು ಹಾಳುನೆಲ ಎಂದು ನಾವು ಮಣ್ಣು ಹೊಡೆಸಿ ಮಟ್ಟ ಮಾಡುತ್ತೇವೆ. ಆದರೆ ನೆಲದ ನೀರು ಮೇಲ್ಮಟ್ಟಕ್ಕೆ ಬಂದಿದೆ ಎಂದು ಪುಕ್ಕಟೆಯಾಗಿ ತೋರಿಸುತ್ತಿದ್ದುದು ಆ ಜೊಂಡೇ.

ನಾನು ಮಕ್ಕಳಿಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು. ಒಂದು ಗುಡಾಣದ ಕಂಠದ ಕೆಳಗೆ ತೂತು ಬಿದ್ದಿದೆ ಎಂದುಕೊಳ್ಳಿ. ಗುಡಾಣ ತುಂಬಿದ್ದರೆ ತೂತಿನಿಂದ ನೀರು ಸುರಿಯುತ್ತದೆ, ಮಟ್ಟ ನಾಲ್ಕು ಬೆರಳು ಇಳಿದರೆ ನಿಂತುಹೋಗುತ್ತದೆ. ಒಳಗೆ ಇನ್ನೂ ಮುಕ್ಕಾಲು ಗುಡಾಣ ನೀರಿರುತ್ತದೆ, ಚೊಂಬು ಇಳಿಬಿಟ್ಟವನಿಗೆ ಯಾವ ಕೊರತೆಯೂ ಕಾಣುವುದಿಲ್ಲ. ತಲಪರಿಗೆ ಆ ತೂತು, ಬೋರು ಆ ಚೊಂಬು. "ನಮ್ಮ ಬೋರ್‌ನಲ್ಲಿ ಎರಡಿಂಚು ನೀರೈತೆ, ಅಂತರ್ಜಲಕ್ಕೇನಾಗೈತೆ" ಎಂದು ನಾವು ಹೇಳುವ ಹೊತ್ತಿಗೆ ಒರತೆ ನಿಂತು ಎಷ್ಟೋ ವರ್ಷವಾಗಿರುತ್ತದೆ. ಅಲ್ಲಿಗೂ ನಿಲ್ಲುವುದಿಲ್ಲ. ಮಟ್ಟ ಹಳ್ಳದ ತಳಕ್ಕಿಂತ ಕೆಳಗಿಳಿದರೆ ನೆಲ ಹಳ್ಳಕ್ಕೆ ನೀರು ಕೊಡುವುದು ಹೋಗಿ, ಹಳ್ಳವೇ ನೆಲಕ್ಕೆ ನೀರು ಕೊಡಬೇಕಾಗುತ್ತದೆ. ಮಳೆ ಬಂದ ದಿನ ಕೆಂಪು ನೀರು ಹರಿದು, ವಾರ ಕಳೆಯುವಷ್ಟರಲ್ಲಿ ಮರಳು ಒಣಗುತ್ತದಲ್ಲ, ಅದು ಹೀಗೆ.

ಮಳೆಯೇ ಕಡಿಮೆಯಾಗಿದೆ ಎನ್ನುವವರಿಗೆ ಅರ್ಕಾವತಿಯ ಉದಾಹರಣೆ ಕೊಡುತ್ತೇನೆ. ನಂದಿಬೆಟ್ಟದಲ್ಲಿ ಹುಟ್ಟುವ ಆ ನದಿಗೆ ಕಟ್ಟಿದ ಹೆಸರಘಟ್ಟ ಕೆರೆ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಜೊತೆಗೂಡಿತು. ಆಮೇಲೆ ಒಳಹರಿವು ಕುಸಿಯಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ (ATREE) ಸಂಶೋಧಕರು ಇದನ್ನು ಕೆದಕಿ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಳೆಯ ಬದಲಾವಣೆ ಇದಕ್ಕೆ ಕಾರಣವಾಗಿರುವ ಸಂಭವ ಕಡಿಮೆ, ಬೋರ್‌ವೆಲ್‌ಗಳೂ ನೀಲಗಿರಿ ತೋಪುಗಳೂ ಮುಖ್ಯ ಕಾರಣ ಎಂದಿದ್ದಾರೆ. ನಮ್ಮ ಜಯಮಂಗಲಿಯ ಲೆಕ್ಕ ಬೇರೆ ಇರಬಹುದು. ಆದರೆ ಕಲ್ಲು ಅದೇ ಜಾತಿಯದು, ಬೋರಿನ ಲಾರಿಯೂ ಅದೇ.

ಹಾಗೆಂದು ಇದು ಬೋರು ಕೊರೆಸಿದವರನ್ನು ಬೈಯುವ ಪತ್ರವಲ್ಲ. ಸಾಲ ಮಾಡಿ ಕೊರೆಸಿ, ಬರೀ ಧೂಳು ಬಂದಾಗ ನಿಂತು ನೋಡಿದವರ ಮಕ್ಕಳೇ ನನ್ನ ತರಗತಿಯಲ್ಲಿದ್ದಾರೆ. ಶಾಲೆಯ ನಲ್ಲಿಗೂ ಬೋರಿನ ನೀರೇ. ಆಳಕ್ಕೆ ಹೋದಷ್ಟೂ ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದ ನೀರು ಬರುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚಿರುವ ಸಂಭವವೂ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಪಾವಗಡದ ಕಡೆಯ ನೆಂಟರಿದ್ದವರಿಗೆ ಹಲ್ಲು, ಮೂಳೆಯ ತೊಂದರೆಯನ್ನು ನಾನು ವಿವರಿಸಬೇಕಿಲ್ಲ. ಮಕ್ಕಳಿಗೆ ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ಕಳಿಸಿ.

2022ರ ಮಳೆಗಾಲ ನಿಮಗೂ ನೆನಪಿರಬೇಕು. ಜಯಮಂಗಲಿ ದಡ ಮೀರಿ ಹರಿಯಿತು. ಎಷ್ಟೋ ವರ್ಷ ಕಸ ತುಂಬಿದ್ದ ತೆರೆದ ಬಾವಿಗಳಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬಂತು. ಮಟ್ಟ ಏರಿದರೆ ಒರತೆ ಮತ್ತೆ ಕಣ್ಣು ಬಿಡುತ್ತದೆ, ಆದರೆ ಆ ಕಣ್ಣಿನ ಮೇಲೆ ನಾವು ಕಲ್ಲು, ಪ್ಲಾಸ್ಟಿಕ್ಕು, ಸತ್ತ ಕೋಳಿ ಸುರಿದಿರಬಾರದು. ಮರಳಿನ ವಿಷಯವನ್ನೂ ಹೇಳಿಬಿಡುತ್ತೇನೆ: ಹೊಳೆಯ ಮರಳು ನೀರು ಹಿಡಿದಿಡುವ ಪದರ. ಅದನ್ನು ಟ್ರ್ಯಾಕ್ಟರಿಗೆ ತುಂಬಿದರೆ ನೀರು ನಿಲ್ಲುವ ಜಾಗವೂ ಅದರ ಜೊತೆಗೇ ಹೋಗುತ್ತದೆ. ಯಾರೆಂದು ನಾನು ಹೇಳುತ್ತಿಲ್ಲ.

ಇನ್ನು ಶನಿವಾರದ ವ್ಯವಸ್ಥೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹೊರಟು ಬಿಸಿಲೇರುವ ಮೊದಲು ವಾಪಸು ಬರುತ್ತೇವೆ. ಇಬ್ಬರು ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಜೊತೆಗಿರುತ್ತಾರೆ. ಯಾರನ್ನೂ ನೀರಿಗೆ ಇಳಿಸುವುದಿಲ್ಲ, ಹಾಳುಬಾವಿಯ ಅಂಚಿಗೆ ಬಿಡುವುದಿಲ್ಲ. ಮುಳ್ಳಿದೆ, ಚಪ್ಪಲಿ ಹಾಕಿ ಕಳಿಸಿ.

ಅಲ್ಲಿಂದ ಬಂದ ಮೇಲೆ ಮಕ್ಕಳು ಊರಿನ ತೆರೆದ ಬಾವಿಗಳ ನೀರಿನ ಮಟ್ಟವನ್ನು ಗಂಟು ಹಾಕಿದ ಹಗ್ಗ ಬಿಟ್ಟು ಅಳೆದು ಬರೆದಿಡುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿ ದೇಶದ ಆಯ್ದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಈ ಕೆಲಸ ಮಾಡುತ್ತದೆ. ನಾವು ತಿಂಗಳಿಗೊಮ್ಮೆ ಮಾಡೋಣ ಎಂದುಕೊಂಡಿದ್ದೇವೆ. ಅಳೆಯುವಾಗ ಬಾವಿಯ ಒಡೆಯರೋ ದೊಡ್ಡವರೊಬ್ಬರೋ ಪಕ್ಕದಲ್ಲಿರಲೇಬೇಕು. ನಿಮ್ಮ ಬೋರು ಯಾವ ವರ್ಷದ್ದು, ಎಷ್ಟು ಅಡಿಯದ್ದು, ಎಷ್ಟಕ್ಕೆ ನೀರು ಸಿಕ್ಕಿತು ಎಂದು ಮಗು ಕೇಳಿದರೆ ದಯವಿಟ್ಟು ಹೇಳಿ. ಇದು ಯಾವ ಇಲಾಖೆಗೂ ಹೋಗುವುದಿಲ್ಲ. ಸರ್ವೆ ನಂಬರು, ಹೆಸರು ಬರೆಸುವುದಿಲ್ಲ, ತರಗತಿಯ ಗೋಡೆಯ ಮೇಲಿನ ಪಟ್ಟಿಗೆ ಮಾತ್ರ.

ಕಾಲುವೆಯಲ್ಲಿ ನೀರು ಹರಿಯುತ್ತಿದ್ದ ಕಾಲದಲ್ಲಿ ಹೂಳು ಎತ್ತಿದವರು, ಸರದಿ ನೋಡಿಕೊಂಡವರು, ಗದ್ದೆಗೆ ನೀರು ಬಿಡುವ ನೀರುಗಂಟಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ಶನಿವಾರ ನಮ್ಮ ಜೊತೆ ಬರಬೇಕು. ನಡೆಯಲಾಗದಿದ್ದರೆ ತಿಳಿಸಿ, ಬೈಕಿನಲ್ಲಿ ಕರೆತರುತ್ತೇವೆ. ಅಜ್ಜಿಯಂದಿರಿಗೂ ಇದೇ ಕರೆ.

ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಗುರುವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು